ಏಳು ಕಿಲೋ ಉಪಗ್ರಹ, ಮೂರು ಸೆಂಟಿಮೀಟರ್ ದೂರದರ್ಶಕ: ಬ್ರೈಟ್ ಡೇಟಾದಿಂದ ನಕ್ಷತ್ರದ ಏರಿಳಿತ ಹೆಕ್ಕುವ ಬಗೆ

ಬರಿಗಣ್ಣಿಗೆ ಚೆನ್ನಾಗಿ ಕಾಣುವ ನಕ್ಷತ್ರಗಳ ಬೆಳಕನ್ನು ಸಾವಿರದಲ್ಲೊಂದು ಪಾಲಿನ ನಿಖರತೆಯಲ್ಲಿ ಅಳೆಯುವುದು ದೊಡ್ಡ ದೂರದರ್ಶಕಗಳಿಗೆ ಒಗ್ಗದ ಕೆಲಸ. ಅಷ್ಟು ಬೆಳಕು ಬಿದ್ದರೆ ಪಿಕ್ಸೆಲ್‌ಗಳು ತುಂಬಿ ಪಕ್ಕಕ್ಕೆ ಸೋರುತ್ತವೆ. ನೆಲದ ಮೇಲಿನ ಚಿಕ್ಕ ದೂರದರ್ಶಕ ಹಿಡಿದರೆ ವಾತಾವರಣದ ಮಿನುಗು ಕಾಡುತ್ತದೆ, ಹಗಲಾದ ಕೂಡಲೇ ಅಳತೆ ನಿಲ್ಲುತ್ತದೆ, ಮೋಡದ ಮಾತಂತೂ ಬೇಡ. ಈ ಖಾಲಿ ಜಾಗ ತುಂಬಲು ಆಸ್ಟ್ರಿಯಾ, ಕೆನಡಾ, ಪೋಲೆಂಡ್ ಸೇರಿ ಕಟ್ಟಿದ್ದು ಬ್ರೈಟ್ ಎಂಬ ನ್ಯಾನೋ ಉಪಗ್ರಹಗಳ ಗುಂಪು. ಮೊದಲ ಎರಡು, ಯೂನಿಬ್ರೈಟ್ ಮತ್ತು ಬ್ರೈಟ್-ಆಸ್ಟ್ರಿಯಾ, 2013ರ ಫೆಬ್ರವರಿ 25ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ20 ರಾಕೆಟ್‌ನಲ್ಲಿ ಸರಳ್ ಉಪಗ್ರಹದ ಜೊತೆಗೆ ಹೋದವು. ಆಮೇಲೆ ಬ್ರೈಟ್-ಲೆಮ್, ಬ್ರೈಟ್-ಟೊರಾಂಟೊ, ಬ್ರೈಟ್-ಹೆವೆಲಿಯುಶ್ ಸೇರಿಕೊಂಡವು. ಟೊರಾಂಟೊ ಜೊತೆ ಹೊರಟ ಬ್ರೈಟ್-ಮಾಂಟ್ರಿಯಲ್ ಮಾತ್ರ ರಾಕೆಟ್‌ನ ಕೊನೆಯ ಹಂತದಿಂದ ಬಿಡಿಸಿಕೊಳ್ಳಲೇ ಇಲ್ಲ.

ಈ ಉಪಗ್ರಹಗಳು ಅಳೆದ ಡೇಟಾ ಸಾರ್ವಜನಿಕ ಭಂಡಾರದಲ್ಲಿ ಇದೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಸಾಧಾರಣ ಲ್ಯಾಪ್‌ಟಾಪ್ ಸಾಕು. ಆದರೆ ಇಳಿಸಿಕೊಂಡ ಫೈಲನ್ನು ನೇರವಾಗಿ ಗ್ರಾಫ್ ಹಾಕಿ ನೋಡಿದರೆ ನಿಮಗೆ ಕಾಣುವುದು ನಕ್ಷತ್ರಕ್ಕಿಂತ ಹೆಚ್ಚಾಗಿ ಉಪಗ್ರಹ: ಅದರ ತೂರಾಟ, ಅದರ ಬಿಸಿ, ಅದರ ಕಕ್ಷೆ. ಕೆಲಸದ ಮುಕ್ಕಾಲು ಪಾಲು ಇರುವುದು ಈ ಎರಡನ್ನೂ ಬೇರೆ ಮಾಡುವುದರಲ್ಲಿ. ಹಾಗೆ ಮಾಡುವಾಗ ನಕ್ಷತ್ರವನ್ನೂ ಉಪಗ್ರಹದ ಜೊತೆ ಗುಡಿಸಿ ಹೊರಹಾಕದಂತೆ ನೋಡಿಕೊಳ್ಳಬೇಕು.

ಮೊದಲು ಯಂತ್ರ ಗೊತ್ತಿರಲಿ

ಪ್ರತಿ ಉಪಗ್ರಹ 20 ಸೆಂಟಿಮೀಟರ್ ಬದಿಯ ಘನ, ತೂಕ ಸುಮಾರು 7 ಕಿಲೋ. ದೂರದರ್ಶಕದ ಬಾಯಿ 3 ಸೆಂಟಿಮೀಟರ್. ಒಮ್ಮೆಗೆ ಆಕಾಶದ ಸುಮಾರು 24 ಡಿಗ್ರಿ ಅಗಲ ಕಾಣುತ್ತದೆ, ಅಂದರೆ ಮಹಾವ್ಯಾಧ ನಕ್ಷತ್ರಪುಂಜ ಬಹುಪಾಲು ಒಂದೇ ಚೌಕಟ್ಟಿನಲ್ಲಿ ಕೂರುತ್ತದೆ. ಬೆಳಕು ಹಿಡಿದು ಚಿತ್ರ ಮಾಡುವ ಚಿಪ್, ಅಂದರೆ ಸಿಸಿಡಿ, ಕೊಡಾಕ್‌ನ ಕೆಎಐ-11002: 4008 × 2672 ಪಿಕ್ಸೆಲ್, ಒಂದೊಂದೂ 9 ಮೈಕ್ರಾನ್, ಆಕಾಶದ ಲೆಕ್ಕದಲ್ಲಿ ಸುಮಾರು 27 ಆರ್ಕ್‌ಸೆಕೆಂಡ್ (ಡಿಗ್ರಿಯ 3600ರಲ್ಲೊಂದು ಪಾಲು; 60 ಸೇರಿದರೆ ಒಂದು ಆರ್ಕ್‌ಮಿನಿಟ್). ಪ್ರತಿ ಉಪಗ್ರಹಕ್ಕೂ ಒಂದೇ ಫಿಲ್ಟರ್, ಬದಲಿಸುವ ಚಕ್ರ ಇಲ್ಲ. ಬ್ರೈಟ್-ಆಸ್ಟ್ರಿಯಾ ಮತ್ತು ಲೆಮ್ ನೀಲಿ (390ರಿಂದ 460 ನ್ಯಾನೋಮೀಟರ್). ಯೂನಿಬ್ರೈಟ್, ಟೊರಾಂಟೊ, ಹೆವೆಲಿಯುಶ್ ಕೆಂಪು (550ರಿಂದ 700 ನ್ಯಾನೋಮೀಟರ್). ಫೈಲ್ ಹೆಸರಿನಲ್ಲಿ ಉಪಗ್ರಹಕ್ಕೆ ಮೂರಕ್ಷರದ ಸಂಕೇತ ಇರುತ್ತದೆ. ಅದರ ಕೊನೆಯ ಅಕ್ಷರ ಬಿ ಆದರೆ ನೀಲಿ, ಆರ್ ಆದರೆ ಕೆಂಪು.

ಎಷ್ಟು ಬೆಳಕು ಸಿಗುತ್ತದೆ ಎಂಬ ಅಂದಾಜು ಕೈಯಲ್ಲಿದ್ದರೆ ಮುಂದಿನ ಎಷ್ಟೋ ಗೊಂದಲ ತಪ್ಪುತ್ತದೆ. 3 ಸೆಂಟಿಮೀಟರ್ ಬಾಯಿಯ ವಿಸ್ತೀರ್ಣ 7 ಚದರ ಸೆಂಟಿಮೀಟರ್. ಕೆಂಪು ಫಿಲ್ಟರ್‌ನ ಅಗಲ 150 ನ್ಯಾನೋಮೀಟರ್, ಅಂದರೆ 1500 ಆಂಗ್‌ಸ್ಟ್ರಾಮ್. ಸೊನ್ನೆ ಕಾಂತಿಮಾನದ (ಈ ಸಂಖ್ಯೆ ಹೆಚ್ಚಿದಷ್ಟೂ ನಕ್ಷತ್ರ ಮಂದ) ನಕ್ಷತ್ರದಿಂದ ಸೆಕೆಂಡಿಗೆ 70 ಲಕ್ಷದಷ್ಟು ಫೋಟಾನ್ ಬಾಯಿಗೆ ಬೀಳುತ್ತವೆ; ಮಸೂರ, ಫಿಲ್ಟರ್, ಸಿಸಿಡಿ ಎಲ್ಲ ದಾಟಿ ಐದರಲ್ಲೊಂದು ಪಾಲು ಎಲೆಕ್ಟ್ರಾನ್ ಆಯಿತು ಎಂದುಕೊಂಡರೆ 15 ಲಕ್ಷ. 3ನೇ ಕಾಂತಿಮಾನದ ನಕ್ಷತ್ರ ಇದಕ್ಕಿಂತ ಸುಮಾರು 16 ಪಟ್ಟು ಮಂದ, ಅಂದರೆ ಸೆಕೆಂಡಿಗೆ ಒಂದು ಲಕ್ಷ ಎಲೆಕ್ಟ್ರಾನ್. ಇಂಥ ಎಣಿಕೆ ತಾನಾಗಿಯೇ ತನ್ನ ವರ್ಗಮೂಲದಷ್ಟು ಏರುಪೇರಾಗುತ್ತದೆ, ಇದನ್ನೇ ಗದ್ದಲ ಎನ್ನುವುದು; ಇಲ್ಲಿ ಅದು 316. ಹಾಗಾಗಿ ಒಂದು ಸೆಕೆಂಡಿನ ಒಂದು ಚಿತ್ರದಲ್ಲಿ ಫೋಟಾನ್ ಗದ್ದಲವೇ 0.3 ಶೇಕಡ, ಸುಮಾರು 3.4 ಮಿಲಿಮ್ಯಾಗ್ (ಕಾಂತಿಮಾನದ ಸಾವಿರದ ಒಂದು ಪಾಲನ್ನು ಮಿಲಿಮ್ಯಾಗ್ ಎನ್ನುತ್ತೇವೆ). ನಿಮ್ಮ ಡೇಟಾದಲ್ಲಿ ಇದಕ್ಕಿಂತ ಕಡಿಮೆ ಚದುರುವಿಕೆ ಕಂಡರೆ ಲೆಕ್ಕದಲ್ಲಿ ಎಲ್ಲೋ ತಪ್ಪಿದೆ. ಎರಡು ಮೂರು ಪಟ್ಟು ಹೆಚ್ಚಿದ್ದರೆ ಆಶ್ಚರ್ಯ ಬೇಡ, ಉಪಗ್ರಹದ ಪಾಲು ಅದರಲ್ಲಿ ಸೇರಿಕೊಂಡಿದೆ.

ಬ್ರೈಟ್‌ನ ಚಿತ್ರಗಳಲ್ಲಿ ನಕ್ಷತ್ರ ಚುಕ್ಕಿಯಾಗಿ ಕಾಣುವುದಿಲ್ಲ, ಕಲಸಿದ ಬೊಟ್ಟಿನಂತೆ ಕಾಣುತ್ತದೆ. ಅದು ಬೇಕೆಂದೇ ಮಾಡಿದ್ದು. ಈ ಸಿಸಿಡಿಯ ಒಂದು ಪಿಕ್ಸೆಲ್ ಹಿಡಿಯುವುದು ಸುಮಾರು 60,000 ಎಲೆಕ್ಟ್ರಾನ್. ಮೇಲಿನ 15 ಲಕ್ಷವನ್ನು ಕನಿಷ್ಠ 25 ಪಿಕ್ಸೆಲ್‌ಗೆ ಹರಡಲೇಬೇಕು, ನಡುವಿನ ಪಿಕ್ಸೆಲ್‌ಗಳು ತುಂಬದಿರಲು ಇನ್ನೂ ಹೆಚ್ಚು. ಮತ್ತೊಂದು ಕಾರಣವೂ ಇದೆ. ಇದು ಇಂಟರ್‌ಲೈನ್ ಮಾದರಿಯ ಸಿಸಿಡಿ, ಪಿಕ್ಸೆಲ್‌ಗಳ ನಡುವೆ ಬೆಳಕು ಹಿಡಿಯದ ಪಟ್ಟಿಗಳಿವೆ. ಚೂಪಾದ ಬಿಂಬ ಆ ಪಟ್ಟಿಯ ಮೇಲೆ ಸರಿದಾಗೆಲ್ಲ ನಕ್ಷತ್ರ ಮಂಕಾದಂತೆ ತೋರುತ್ತದೆ. ಹರಡಿದ ಬಿಂಬದಲ್ಲಿ ಈ ತೊಂದರೆ ಕಡಿಮೆ, ಆದರೆ ಸೊನ್ನೆ ಅಲ್ಲ.

ಇಡೀ ಸಿಸಿಡಿಯ ಚಿತ್ರ ಕೆಳಗೆ ಬರುವುದಿಲ್ಲ. 1 ಕೋಟಿ 7 ಲಕ್ಷ ಪಿಕ್ಸೆಲ್, ಒಂದಕ್ಕೆ ಎರಡು ಬೈಟ್ ಎಂದರೆ 21 ಮೆಗಾಬೈಟ್. ಸೆಕೆಂಡಿಗೆ 32 ಕಿಲೋಬಿಟ್ ವೇಗದಲ್ಲಿ ಒಂದೇ ಚಿತ್ರ ಕಳಿಸಲು ಒಂದೂವರೆ ಗಂಟೆ ಬೇಕು. ಉಪಗ್ರಹ ನೆಲದ ಕೇಂದ್ರದ ಮೇಲೆ ಹಾದುಹೋಗುವುದು ಹತ್ತು ಹದಿನೈದು ನಿಮಿಷ. ಆದ್ದರಿಂದ ಆಯ್ದ 15ರಿಂದ 30 ನಕ್ಷತ್ರಗಳ ಸುತ್ತ ಪುಟ್ಟ ಚೌಕಗಳನ್ನು ಮಾತ್ರ ಕತ್ತರಿಸಿ ಕಳಿಸುತ್ತಾರೆ. ನಿಮಗೆ ಬೇಕಾದ ನಕ್ಷತ್ರ ಆ ಪಟ್ಟಿಯಲ್ಲಿ ಇಲ್ಲದಿದ್ದರೆ, ಕ್ಯಾಮೆರಾ ಅದನ್ನು ನೋಡಿದ್ದರೂ ಡೇಟಾ ಇಲ್ಲ.

ನಕ್ಷತ್ರ ಆರಿಸುವುದು

ಕಲಿಯುವವರು 4ನೇ ಕಾಂತಿಮಾನಕ್ಕಿಂತ ಮಂದವಾದುದಕ್ಕೆ ಹೋಗಬೇಡಿ. ಬ್ರೈಟ್ 6ರವರೆಗೂ ನೋಡಿದೆ, ಆದರೆ ಅಲ್ಲಿ ಗದ್ದಲದ ಜೊತೆ ಗುದ್ದಾಡುವುದೇ ಆಗುತ್ತದೆ. ಬಿಸಿ ನಕ್ಷತ್ರಗಳು ನೀಲಿ ಉಪಗ್ರಹದಲ್ಲೂ ಚೆನ್ನಾಗಿ ಬರುತ್ತವೆ. ಆರ್ದ್ರಾ, ಜ್ಯೇಷ್ಠಾ ಥರದ ತಣ್ಣನೆಯ ಕೆಂಪು ನಕ್ಷತ್ರಗಳಿಗೆ ಕೆಂಪು ಫಿಲ್ಟರ್‌ನ ಫೈಲೇ ಆಧಾರ.

ಮೊದಲ ಅಭ್ಯಾಸಕ್ಕೆ ನಮ್ಮ ಸಲಹೆ ನ್ಯೂ ಎರಿಡಾನಿ. ಕಾಂತಿಮಾನ ಸುಮಾರು 3.9, ಬೀಟಾ ಸೆಫೈ ಬಗೆಯ ಮಿಡಿಯುವ ನಕ್ಷತ್ರ. ಇದರ ಮುಖ್ಯ ಆವರ್ತನ ದಿನಕ್ಕೆ 5.763, ಅಂದರೆ 4 ಗಂಟೆ 10 ನಿಮಿಷಕ್ಕೊಂದು ಮಿಡಿತ. ಏರಿಳಿತ ಹತ್ತಾರು ಮಿಲಿಮ್ಯಾಗ್ ಇರುವುದರಿಂದ ಕಚ್ಚಾ ಡೇಟಾದಲ್ಲೂ ಸುಳಿವು ಸಿಗುತ್ತದೆ. ಅದರ ಪಕ್ಕದಲ್ಲೇ 5.654, 5.637, 5.620 ಎಂಬ ಮೂರು ಆವರ್ತನಗಳು ಒತ್ತೊತ್ತಾಗಿ ಕುಳಿತಿವೆ. ಉತ್ತರ ಮೊದಲೇ ಗೊತ್ತಿರುವ ಲೆಕ್ಕ ಇದು. ನೀವು ಸ್ವಚ್ಛ ಮಾಡಿದ್ದು ಸರಿಯೋ ತಪ್ಪೋ ಎಂದು ತಕ್ಷಣ ಗೊತ್ತಾಗುತ್ತದೆ.

ಎಷ್ಟು ದಿನದ ಡೇಟಾ ಬೇಕು? ಎರಡು ಆವರ್ತನಗಳ ಅಂತರ ದಿನಕ್ಕೆ 0.017. ಅವನ್ನು ಬಿಡಿಸಿ ನೋಡಲು ಕನಿಷ್ಠ 1/0.017, ಅಂದರೆ 60 ದಿನ; ನೆಚ್ಚಿಕೊಳ್ಳುವಂತಿರಬೇಕಾದರೆ ಅದರ ಒಂದೂವರೆ ಪಟ್ಟು, 90 ದಿನ. ಬ್ರೈಟ್ ಒಂದೇ ಆಕಾಶ ಭಾಗವನ್ನು ಆರು ತಿಂಗಳವರೆಗೂ ಬಿಡದೆ ನೋಡಿದೆ, ಹಾಗಾಗಿ ಇದು ಸಾಧ್ಯ. 20 ದಿನದ ತುಣುಕು ಹಿಡಿದು ಈ ಮೂರನ್ನು ಹುಡುಕಿದರೆ ಆವರ್ತನಗಳ ಗ್ರಾಫಿನಲ್ಲಿ ಒಂದೇ ದಪ್ಪ ಶಿಖರ ಕಾಣುತ್ತದೆ, ಯಾವ ಸಾಫ್ಟ್‌ವೇರೂ ಅದನ್ನು ಸೀಳಲಾರದು.

ಫೈಲ್ ತೆರೆದಾಗ

ಮೇಲ್ಭಾಗದಲ್ಲಿ ವಿವರಣೆಯ ಸಾಲುಗಳು, ಆಮೇಲೆ ಅಂಕಿಗಳ ಕಂಬಸಾಲು. ಸೂರ್ಯಕೇಂದ್ರಿತ ಜೂಲಿಯನ್ ದಿನ (ದಿನಗಳನ್ನು ಒಂದೇ ಸಾಲಾಗಿ ಎಣಿಸುವ ಲೆಕ್ಕ, ಬೆಳಕು ಸೂರ್ಯನನ್ನು ತಲುಪುವ ಹೊತ್ತಿಗೆ ತಿದ್ದಿದ್ದು), ಬೆಳಕಿನ ಮೊತ್ತ, ಬಿಂಬದ ನಡುಬಿಂದುವಿನ ಎಕ್ಸ್ ಮತ್ತು ವೈ ಸ್ಥಾನ, ಸಿಸಿಡಿಯ ತಾಪಮಾನ, ಗುಣಮಟ್ಟದ ಗುರುತು ಇವು ಮುಖ್ಯ. ನಂತರದ ಬಿಡುಗಡೆಗಳಲ್ಲಿ ಬಿಂಬ ಎಷ್ಟು ಉಜ್ಜಿಹೋಗಿದೆ ಎಂದು ಹೇಳುವ ಅಂಕಿಗಳೂ ಇವೆ. ಯಾವ ಬಿಡುಗಡೆ ಎಂದು ಮೊದಲು ಓದಿ, ಕಂಬಗಳ ಕ್ರಮ ಒಂದರಿಂದೊಂದಕ್ಕೆ ಬದಲಾಗುತ್ತದೆ.

ಸಮಯಕ್ಕೆ ಸೂರ್ಯಕೇಂದ್ರಿತ ದಿನವನ್ನೇ ಬಳಸಿ. ಭೂಮಿ ಸೂರ್ಯನ ಆಚೆ ಈಚೆ ಸುತ್ತುವುದರಿಂದ ಬೆಳಕು ತಲುಪುವ ಸಮಯ ಎರಡೂ ಕಡೆ 8 ನಿಮಿಷದಷ್ಟು ಹಿಂದೆ ಮುಂದೆ ಆಗುತ್ತದೆ. 4 ಗಂಟೆಯ ಮಿಡಿತಕ್ಕೆ ಅದು ಸಣ್ಣ ತಪ್ಪಲ್ಲ.

ಒಂದು ನಕ್ಷತ್ರಕ್ಕೆ ಒಂದೇ ಉಪಗ್ರಹದಿಂದಲೂ ಹಲವು ಫೈಲ್ ಇರಬಹುದು. ಉಪಗ್ರಹದ ದಿಕ್ಕು ಅಥವಾ ಚೌಕದ ಸ್ಥಾನ ತುಸು ಬದಲಾದಾಗಲೆಲ್ಲ ಹೊಸ ಸೆಟಪ್ ಶುರುವಾಗುತ್ತದೆ. ನಕ್ಷತ್ರ ಸಿಸಿಡಿಯ ಬೇರೆ ಪಿಕ್ಸೆಲ್‌ಗಳ ಮೇಲೆ ಕೂರುತ್ತದೆ, ಬಿಂಬದ ಆಕಾರವೂ ಬೇರೆ. ಸೆಟಪ್‌ಗಳನ್ನು ಮೊದಲೇ ಒಟ್ಟು ಸೇರಿಸುವುದು ಹೊಸಬರು ಮಾಡುವ ಅತಿ ದುಬಾರಿ ತಪ್ಪು. ಪ್ರತಿಯೊಂದನ್ನೂ ಬೇರೆಬೇರೆಯಾಗಿ ಕೊನೆಯವರೆಗೆ ಸ್ವಚ್ಛ ಮಾಡಿ, ಆಮೇಲೆ ಜೋಡಿಸಿ.

ಅಳತೆಯ ವಿಧಾನವನ್ನೂ ಗಮನಿಸಿ. ಮೊದಮೊದಲು ಉಪಗ್ರಹ ಒಂದೇ ಕಡೆ ದಿಟ್ಟಿಸಿ ಚಿತ್ರ ತೆಗೆಯುತ್ತಿತ್ತು. ಪ್ರೋಟಾನ್‌ಗಳ ಹೊಡೆತಕ್ಕೆ ಸಿಕ್ಕು ಸಿಸಿಡಿಯಲ್ಲಿ, ಬೆಳಕಿಲ್ಲದಿದ್ದರೂ ಬೆಳಗಿದಂತೆ ತೋರುವ ಬಿಸಿ ಪಿಕ್ಸೆಲ್‌ಗಳು ಹೆಚ್ಚುತ್ತಾ ಹೋದವು. ಅದಕ್ಕೆ ಕಂಡುಕೊಂಡ ಉಪಾಯ ಚಾಪಿಂಗ್: ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಉಪಗ್ರಹವನ್ನು ಕೆಲವು ಆರ್ಕ್‌ಮಿನಿಟ್ ಅತ್ತಿತ್ತ ಸರಿಸಿ, ಒಂದರಿಂದ ಇನ್ನೊಂದನ್ನು ಕಳೆಯುವುದು. ಬಿಸಿ ಪಿಕ್ಸೆಲ್ ಎರಡರಲ್ಲೂ ಅಲ್ಲೇ ಇರುವುದರಿಂದ ಅಳಿಸಿಹೋಗುತ್ತದೆ, ನಕ್ಷತ್ರ ಉಳಿಯುತ್ತದೆ. ಇಂಥ ಫೈಲಿನಲ್ಲಿ ಎಕ್ಸ್ ಸ್ಥಾನ ಎರಡು ಗುಂಪಾಗಿ ಕಾಣುತ್ತದೆ, ಎಡ ಮತ್ತು ಬಲ. ಸ್ಥಾನದ ತಿದ್ದುಪಡಿಯನ್ನು ಎರಡು ಗುಂಪಿಗೂ ಪ್ರತ್ಯೇಕವಾಗಿ ಮಾಡಬೇಕು. ಒಂದೇ ರೇಖೆ ಎಳೆದರೆ ನಡುವಿನ ಖಾಲಿ ಜಾಗದಲ್ಲಿ ಅದು ಎತ್ತೆತ್ತಲೋ ಹೋಗುತ್ತದೆ.

ಒರಟು ಕಸ ತೆಗೆಯುವುದು

ಬೆಳಕಿನ ಮೊತ್ತವನ್ನು ಕಾಂತಿಮಾನಕ್ಕೆ ಬದಲಿಸಿ: ಮೈನಸ್ 2.5 ಗುಣಿಸು ಆ ಮೊತ್ತದ ಲಾಗರಿದಮ್ (ಆಧಾರ 10). ಬಂದ ಅಂಕಿಗಳ ಮಧ್ಯಾಂಕವನ್ನು ಕಳೆದುಬಿಡಿ. ನಮಗೆ ಬೇಕಿರುವುದು ಏರಿಳಿತ ಮಾತ್ರ, ನಿಜವಾದ ಕಾಂತಿಮಾನ ಅಲ್ಲ. ಸೊನ್ನೆ ಅಥವಾ ಅದಕ್ಕಿಂತ ಕಡಿಮೆ ಮೊತ್ತದ ಸಾಲುಗಳನ್ನೂ ಗುಣಮಟ್ಟದ ಗುರುತಿನಲ್ಲಿ ಕೆಟ್ಟದ್ದೆಂದು ಬರೆದ ಸಾಲುಗಳನ್ನೂ ಮೊದಲೇ ಬಿಡಿ.

ಆಮೇಲೆ ಎಕ್ಸ್, ವೈ ಸ್ಥಾನಗಳ ಗ್ರಾಫ್ ಹಾಕಿ. ಈ ಉಪಗ್ರಹಗಳ ಗುರಿ ಒಂದು ಆರ್ಕ್‌ಮಿನಿಟ್ ಸುತ್ತಮುತ್ತ ನಿಲ್ಲುತ್ತದೆ, ಅಂದರೆ ಬಿಂಬ ಎರಡು ಮೂರು ಪಿಕ್ಸೆಲ್ ಓಲಾಡುವುದು ಮಾಮೂಲು. ನಕ್ಷತ್ರ ಹಿಡಿದು ದಿಕ್ಕು ಹೇಳುವ ಸ್ಟಾರ್ ಟ್ರ್ಯಾಕರ್ ಒಂದು ಕ್ಷಣ ದಾರಿ ತಪ್ಪಿದರೆ ಬಿಂಬ ಚೌಕದ ಅಂಚಿಗೆ ಓಡುತ್ತದೆ, ಅರ್ಧ ಬೆಳಕು ಹೊರಗೆ ಬೀಳುತ್ತದೆ. ನಡುಗುಂಪಿನಿಂದ ಎದ್ದು ಕಾಣುವಷ್ಟು ದೂರ ಇರುವ ಚುಕ್ಕಿಗಳನ್ನು ಕತ್ತರಿಸಿ. ಎಲ್ಲಿ ಕತ್ತರಿಸಬೇಕೆಂದು ಕಣ್ಣಿನಿಂದಲೇ ನಿರ್ಧರಿಸಿ, ಪ್ರತಿ ಸೆಟಪ್‌ಗೂ ಗಡಿ ಬೇರೆ.

ಬೆಳಕಿನ ಅಂಕಿಗಳಲ್ಲಿ ಎತ್ತಲೋ ಹಾರಿದ ಚುಕ್ಕಿಗಳ ಮಾತು ಬೇರೆ, ಅಲ್ಲಿ ನಿಧಾನ ಬೇಕು. ಇಡೀ ಡೇಟಾದ ಮಾನಕ ವಿಚಲನೆ ತೆಗೆದುಕೊಂಡು ಮೂರು ಪಟ್ಟಿನ ಆಚೆ ಇರುವುದೆಲ್ಲ ಕಸ ಎಂದರೆ ನಕ್ಷತ್ರದ ಶಿಖರಗಳನ್ನೇ ಕೊಯ್ದಂತೆ. ಹೀಗೆ ಮಾಡಿ: ಒಂದೊಂದು ಕಕ್ಷೆಯ ಚುಕ್ಕಿಗಳನ್ನು ಬೇರೆ ತೆಗೆದು, ಅದರೊಳಗಿನ ಮಧ್ಯಾಂಕ ಕಂಡುಹಿಡಿಯಿರಿ. ಮಧ್ಯಾಂಕದಿಂದ ಪ್ರತಿ ಚುಕ್ಕಿಯ ದೂರ, ಆ ದೂರಗಳ ಮಧ್ಯಾಂಕ, ಅದಕ್ಕೆ 1.48 ಗುಣಿಸಿದರೆ ನಂಬಬಹುದಾದ ಚದುರುವಿಕೆ ಸಿಗುತ್ತದೆ. ಅದರ ನಾಲ್ಕು ಪಟ್ಟಿನ ಆಚೆ ಇರುವವನ್ನು ತೆಗೆಯಿರಿ. ಒಂದು ಕಕ್ಷೆಯ ಅಳತೆ 15ರಿಂದ 35 ನಿಮಿಷ, ಅಷ್ಟರಲ್ಲಿ 4 ಗಂಟೆಯ ಮಿಡಿತ ತುಸುವೇ ಸರಿದಿರುತ್ತದೆ, ಪೆಟ್ಟು ತಿನ್ನುವುದಿಲ್ಲ.

ಒಂದು ಕಕ್ಷೆಗೆ ಕಕ್ಷೆಯೇ ಮೇಲೆದ್ದಿದ್ದರೆ? ಕೂಡಲೇ ಅಳಿಸಬೇಡಿ. ಐಯೋಟಾ ಓರಿಯಾನಿಸ್ ಜೋಡಿ ನಕ್ಷತ್ರ 29 ದಿನಕ್ಕೊಮ್ಮೆ, ಎರಡೂ ಹತ್ತಿರ ಬಂದಾಗ ಮಾತ್ರ, ಹೃದಯದ ಇಸಿಜಿಯಂಥ ಒಂದು ಚಿಮ್ಮು ತೋರಿಸುತ್ತದೆ. ಯಾಂತ್ರಿಕ ಜರಡಿಗೆ ಅದು ಕಸ. 2018ರಲ್ಲಿ ಬ್ರೈಟ್ ಕರೀನಾ ಪುಂಜದ ಒಂದು ಕೆಂಪು ದೈತ್ಯವನ್ನು ನೋಡುತ್ತಿದ್ದಾಗ ಅದರ ಬೆಳಕು ಇದ್ದಕ್ಕಿದ್ದಂತೆ ಏರಿತು. ನಕ್ಷತ್ರಕ್ಕೆ ಏನೂ ಆಗಿರಲಿಲ್ಲ, ಪಕ್ಕದಲ್ಲೇ ಒಂದು ನೋವಾ (ನಕ್ಷತ್ರವೊಂದು ಇದ್ದಕ್ಕಿದ್ದಂತೆ ಹೊತ್ತಿ ಬೆಳಗುವ ಸ್ಫೋಟ) ಸಿಡಿದಿತ್ತು. ಆ ಅಂಕಿಗಳಿಂದಲೇ ನೋವಾದ ಏರುಪೇರುಗಳ ಹಿಂದೆ ಆಘಾತ ತರಂಗಗಳಿವೆ ಎಂಬುದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿತು. ಅನುಮಾನದ ಕಕ್ಷೆಗಳನ್ನು ಬೇರೆ ಫೈಲಿನಲ್ಲಿ ಇಡಿ. ಅದೇ ಹೊತ್ತಿನಲ್ಲಿ ಅದೇ ಉಪಗ್ರಹ ಅಳೆದ ಇತರ ನಕ್ಷತ್ರಗಳೂ ಜಿಗಿದಿದ್ದರೆ ತಪ್ಪು ಉಪಗ್ರಹದ್ದು, ನಿಮ್ಮದೊಂದೇ ಜಿಗಿದಿದ್ದರೆ ಯೋಚಿಸಿ.

ಉಪಗ್ರಹದ ಪಾಲು ಕಳೆಯುವುದು

ಇದೇ ನಿಜವಾದ ಕೆಲಸ. ಬೆಳಕು ಯಾವುದರ ಜೊತೆಗೆಲ್ಲ ಏರಿಳಿಯುತ್ತಿದೆ ಎಂದು ನೋಡಿ ಆ ಪಾಲನ್ನು ಕಳೆಯಬೇಕು. ನಾಲ್ಕು ಅಂಶಗಳು: ಎಕ್ಸ್ ಸ್ಥಾನ, ವೈ ಸ್ಥಾನ, ಸಿಸಿಡಿ ತಾಪಮಾನ, ಕಕ್ಷೆಯ ಹಂತ. ಬಿಂಬದ ಉಜ್ಜುವಿಕೆಯ ಅಂಕಿಗಳಿದ್ದರೆ ಅವೂ ಸೇರುತ್ತವೆ.

ಸ್ಥಾನ ಏಕೆ ಮುಖ್ಯ ಎಂಬುದು ಮೇಲೆ ಬಂದಿದೆ. ತಾಪಮಾನದ ಕಥೆ ಹೀಗೆ: ಈ ಪುಟ್ಟ ಪೆಟ್ಟಿಗೆಯಲ್ಲಿ ಸಿಸಿಡಿಯನ್ನು ತಣಿಸುವ ಯಂತ್ರ ಇಲ್ಲ. ಕಕ್ಷೆಯೊಳಗೂ ತಿಂಗಳುಗಳುದ್ದಕ್ಕೂ ಬಿಸಿ ಏರಿ ಇಳಿಯುತ್ತದೆ. ಬಿಸಿಯಾದಂತೆ ಮಸೂರಗಳ ಅಂತರ ಒಂದಿಷ್ಟು ಬದಲಾಗಿ ಬಿಂಬದ ಆಕಾರ ಬದಲಾಗುತ್ತದೆ, ಬೆಳಕು ಕೂಡಿಸಲು ಬಿಂಬದ ಸುತ್ತ ಎಳೆದ ವೃತ್ತದ ಹೊರಗೆ ಸೋರುವ ಬೆಳಕೂ ಬದಲಾಗುತ್ತದೆ. ಕಕ್ಷೆಯ ಹಂತ ಎಂದರೆ ಉಪಗ್ರಹ ತನ್ನ ಸುತ್ತಿನಲ್ಲಿ ಎಲ್ಲಿದೆ ಎಂಬುದು. ಭೂಮಿಯಿಂದ ಚದುರಿ ಬರುವ ಬೆಳಕು ಅದನ್ನು ಅನುಸರಿಸುತ್ತದೆ. ಕಕ್ಷೆಯ ಅವಧಿ ಯೂನಿಬ್ರೈಟ್‌ಗೆ 100.4 ನಿಮಿಷ, ಹೆವೆಲಿಯುಶ್‌ಗೆ 97.1. ಸಮಯವನ್ನು ಈ ಅವಧಿಯಿಂದ ಭಾಗಿಸಿ ಉಳಿದ ಭಿನ್ನಾಂಕವೇ ಹಂತ.

ಮಾಡುವ ಕ್ರಮ:

1. ಮೊದಲು ನಕ್ಷತ್ರದ ದೊಡ್ಡ ಮಿಡಿತಗಳನ್ನು ಪಕ್ಕಕ್ಕಿಡಿ. ಕಚ್ಚಾ ಡೇಟಾದಲ್ಲಿ ಫೋರಿಯರ್ ರೋಹಿತ (ಯಾವ ಆವರ್ತನದಲ್ಲಿ ಎಷ್ಟು ಏರಿಳಿತ ಇದೆ ಎಂದು ತೋರಿಸುವ ಗ್ರಾಫ್) ತೆಗೆದು, ಕಣ್ಣಿಗೆ ಹೊಡೆಯುವ ಒಂದೆರಡು ಆವರ್ತನಗಳಿಗೆ ಸೈನ್ ಅಲೆ ಹೊಂದಿಸಿ ಕಳೆಯಿರಿ. ಉಳಿದದ್ದಕ್ಕೆ ಉಳಿಕೆ ಎನ್ನೋಣ.

2. ಉಳಿಕೆಯನ್ನು ನಾಲ್ಕೂ ಅಂಶಗಳ ಎದುರು ಬೇರೆಬೇರೆ ಗ್ರಾಫ್ ಹಾಕಿ. ಯಾವುದರ ಜೊತೆ ನಂಟು ಹೆಚ್ಚು ಬಲವಾಗಿದೆಯೋ ಅದನ್ನು ಮೊದಲು ಹಿಡಿಯಿರಿ.

3. ಆ ಅಂಶದ ವ್ಯಾಪ್ತಿಯನ್ನು ಹತ್ತರಿಂದ ಇಪ್ಪತ್ತು ಭಾಗ ಮಾಡಿ. ಒಂದೊಂದು ಭಾಗದಲ್ಲಿ ಕನಿಷ್ಠ 50 ಚುಕ್ಕಿ ಇರಲಿ. ಪ್ರತಿ ಭಾಗದ ಸರಾಸರಿ ತೆಗೆದು ನಯವಾದ ರೇಖೆಯಿಂದ ಜೋಡಿಸಿ, ಆ ರೇಖೆಯನ್ನು ಕಳೆಯಿರಿ.

4. ಮತ್ತೆ ನಾಲ್ಕನ್ನೂ ನೋಡಿ. ಈಗ ಬಲವಾಗಿರುವುದನ್ನು ಕಳೆಯಿರಿ. ಒಮ್ಮೆ ತೆಗೆದ ಅಂಶ ಮತ್ತೆ ತಲೆ ಎತ್ತುವುದುಂಟು, ಏಕೆಂದರೆ ತಾಪಮಾನವೂ ಸ್ಥಾನವೂ ಒಂದಕ್ಕೊಂದು ತಳುಕು ಹಾಕಿಕೊಂಡಿವೆ. ಚದುರುವಿಕೆ ಕಡಿಮೆಯಾಗುವುದು ನಿಂತ ಮೇಲೆ ನಿಲ್ಲಿಸಿ.

5. ಪಕ್ಕಕ್ಕಿಟ್ಟ ಮಿಡಿತಗಳನ್ನು ಮರಳಿ ಸೇರಿಸಿ. ಈಗಿನ ಸ್ವಚ್ಛ ಡೇಟಾದಿಂದ ಆವರ್ತನ ಮತ್ತು ಪಾರಗಳನ್ನು (ಮಿಡಿತದ ಎತ್ತರ) ಹೊಸದಾಗಿ ಲೆಕ್ಕ ಹಾಕಿ, ಒಂದನೇ ಹಂತದಿಂದ ಪುನಃ ಮಾಡಿ. ಸಾಮಾನ್ಯವಾಗಿ ಎರಡು ಮೂರು ಸುತ್ತಿಗೆ ಅಂಕಿಗಳು ನೆಲೆ ನಿಲ್ಲುತ್ತವೆ.

ಒಂದನೇ ಹಂತ ಬಿಟ್ಟರೆ ಏನಾಗುತ್ತದೆ? ಮಿಡಿತ ದೊಡ್ಡದಿದ್ದಾಗ ಪ್ರತಿ ಭಾಗದ ಸರಾಸರಿಗೆ ಅದರ ಕಲೆ ಅಂಟುತ್ತದೆ, ರೇಖೆ ಅಂಕುಡೊಂಕಾಗುತ್ತದೆ, ಕಳೆದಾಗ ಸುಳ್ಳು ಆವರ್ತನಗಳು ಹುಟ್ಟುತ್ತವೆ. ಇನ್ನೊಂದು ಅಪಾಯ ನಿಧಾನವಾಗಿ ಬದಲಾಗುವ ನಕ್ಷತ್ರಗಳದ್ದು. ನಕ್ಷತ್ರ 40 ದಿನದಲ್ಲಿ ಮೆಲ್ಲಗೆ ಏರುತ್ತಿದೆ, ಅದೇ ಹೊತ್ತಿಗೆ ತಾಪಮಾನವೂ ಏರುತ್ತಿದೆ ಎಂದರೆ ಕಂಪ್ಯೂಟರ್‌ಗೆ ಎರಡರ ವ್ಯತ್ಯಾಸ ತಿಳಿಯುವ ದಾರಿಯೇ ಇಲ್ಲ. ತಾಪಮಾನದ ಹೆಸರಿನಲ್ಲಿ ನಕ್ಷತ್ರದ ಏರಿಕೆಯನ್ನು ನುಂಗಿಬಿಡುತ್ತದೆ. ಆರ್ದ್ರಾದಂಥ ನಕ್ಷತ್ರಕ್ಕೆ ತಾಪಮಾನದ ತಿದ್ದುಪಡಿಯನ್ನು ಕಕ್ಷೆಯೊಳಗಿನ ಬದಲಾವಣೆಯಿಂದ ಮಾತ್ರ ಕಲಿಯಿರಿ: ಪ್ರತಿ ಕಕ್ಷೆಯ ಸರಾಸರಿಯನ್ನು ಬೆಳಕಿನಿಂದಲೂ ತಾಪಮಾನದಿಂದಲೂ ಕಳೆದು, ಉಳಿದದ್ದರ ನಂಟು ನೋಡಿ.

ಭಾಗಗಳನ್ನು ಐವತ್ತು, ನೂರು ಮಾಡಿದರೆ ಚದುರುವಿಕೆ ಇನ್ನೂ ಇಳಿಯುತ್ತದೆ, ನೋಡಲು ಖುಷಿ. ಅದು ಗದ್ದಲಕ್ಕೇ ರೇಖೆ ಹೊಂದಿಸಿದ್ದು, ಅಷ್ಟೆ. ಅನುಮಾನ ಬಂದರೆ ಪರೀಕ್ಷೆ ಸುಲಭ. ಡೇಟಾಕ್ಕೆ ನಿಮಗೆ ಗೊತ್ತಿರುವ ಒಂದು ಕೃತಕ ಮಿಡಿತ, 2 ಮಿಲಿಮ್ಯಾಗ್‌ನದು, ದಿನಕ್ಕೆ 3.3 ಆವರ್ತನದ್ದು, ಮೊದಲೇ ಬೆರೆಸಿ. ಇಡೀ ಸ್ವಚ್ಛತೆ ಮುಗಿದ ಮೇಲೆ ಅದು 2 ಆಗಿಯೇ ಹೊರಬಂತೋ, 1.5 ಆಯಿತೋ ನೋಡಿ. 1.5 ಆಗಿದ್ದರೆ ನೀವು ನಕ್ಷತ್ರದ ಕಾಲು ಭಾಗವನ್ನೂ ತೊಳೆದು ಹಾಕುತ್ತಿದ್ದೀರಿ.

ಕಕ್ಷೆಯ ಸರಾಸರಿ

ಚಿತ್ರಗಳ ನಡುವೆ ಸುಮಾರು 20 ಸೆಕೆಂಡ್ ಅಂತರ. 15 ನಿಮಿಷದಲ್ಲಿ 45 ಚಿತ್ರ. ಒಂದು ಚಿತ್ರದ ಚದುರುವಿಕೆ 6 ಮಿಲಿಮ್ಯಾಗ್ ಆದರೆ 45ರ ಸರಾಸರಿಯದು 6ನ್ನು 45ರ ವರ್ಗಮೂಲದಿಂದ ಭಾಗಿಸಿದಷ್ಟು, ಅಂದರೆ 0.9. ಹತ್ತಕ್ಕಿಂತ ಕಡಿಮೆ ಚುಕ್ಕಿ ಉಳಿದ ಕಕ್ಷೆಗಳನ್ನು ಬಿಟ್ಟುಬಿಡಿ, ಅವು ಹೇಳುವುದಕ್ಕಿಂತ ಕೆಡಿಸುವುದೇ ಹೆಚ್ಚು.

ಸರಾಸರಿ ಮಾಡಿದಾಗ ಮಿಡಿತದ ಎತ್ತರ ಕೊಂಚ ಕುಗ್ಗುತ್ತದೆ. ನ್ಯೂ ಎರಿಡಾನಿಯ ಮುಖ್ಯ ಆವರ್ತನಕ್ಕೆ 15 ನಿಮಿಷದ ಸರಾಸರಿಯಲ್ಲಿ ನಷ್ಟ 0.6 ಶೇಕಡ, 35 ನಿಮಿಷದ್ದರಲ್ಲಿ 3 ಶೇಕಡ. ಎರಡು ಉಪಗ್ರಹಗಳ ಪಾರಗಳನ್ನು ಹೋಲಿಸುವವರು ಇದನ್ನು ತಿದ್ದಬೇಕು, ಇಲ್ಲದಿದ್ದರೆ ಅಳತೆಯ ಅವಧಿಯ ವ್ಯತ್ಯಾಸವನ್ನೇ ಬಣ್ಣದ ವ್ಯತ್ಯಾಸ ಎಂದುಕೊಳ್ಳುತ್ತೀರಿ. ದಿನಕ್ಕೆ 7ಕ್ಕಿಂತ ವೇಗದ ಮಿಡಿತ ಹುಡುಕುವುದಾದರೆ ಸರಾಸರಿ ಮಾಡಲೇಬೇಡಿ, ಬಿಡಿ ಚುಕ್ಕಿಗಳನ್ನೇ ಬಳಸಿ.

ಆವರ್ತನ ಹುಡುಕುವುದು

ಪೀರಿಯಡ್04 ಎಂಬ ಉಚಿತ ತಂತ್ರಾಂಶ ಈ ಕೆಲಸಕ್ಕೆಂದೇ ಇದೆ. ಪೈಥಾನ್ ಬಲ್ಲವರಿಗೆ ಆಸ್ಟ್ರೋಪೈಯ ಲಾಂಬ್-ಸ್ಕಾರ್ಗಲ್ ಸಾಕು. 150 ದಿನದ ಡೇಟಾಕ್ಕೆ ಆವರ್ತನದ ಹೆಜ್ಜೆ 0.0003ಕ್ಕಿಂತ ದೊಡ್ಡದಿರಬಾರದು, ಇಲ್ಲದಿದ್ದರೆ ಶಿಖರದ ತುದಿ ತಪ್ಪಿಹೋಗುತ್ತದೆ. ಅತಿ ಎತ್ತರದ ಶಿಖರಕ್ಕೆ ಸೈನ್ ಅಲೆ ಹೊಂದಿಸಿ, ಕಳೆದು, ಉಳಿಕೆಯ ರೋಹಿತ ಮತ್ತೆ ತೆಗೆಯಿರಿ. ಹೊಸ ಆವರ್ತನ ಸಿಕ್ಕಾಗಲೆಲ್ಲ ಹಿಂದಿನವನ್ನೂ ಸೇರಿಸಿ ಎಲ್ಲವನ್ನೂ ಒಟ್ಟಿಗೆ ಹೊಂದಿಸಬೇಕು. ಸುತ್ತಲಿನ ಗದ್ದಲಕ್ಕಿಂತ ನಾಲ್ಕು ಪಟ್ಟು ಎತ್ತರ ಇಲ್ಲದ ಶಿಖರವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದು ಈ ಕ್ಷೇತ್ರದ ರೂಢಿ. ದಿನಕ್ಕೆ ಅರ್ಧಕ್ಕಿಂತ ಕಡಿಮೆ ಆವರ್ತನಗಳಲ್ಲಿ ನಾವು ಆ ನಾಲ್ಕನ್ನೂ ನಂಬುವುದಿಲ್ಲ. ಸೆಟಪ್‌ಗಳ ಜೋಡಣೆಯ ತಪ್ಪೆಲ್ಲ ಅಲ್ಲೇ ಬಂದು ಗುಡ್ಡೆ ಬೀಳುತ್ತದೆ.

ಎಷ್ಟು ಸಣ್ಣ ಮಿಡಿತ ಕಾಣಬಹುದು? 150 ದಿನ, ದಿನಕ್ಕೆ 14.3 ಕಕ್ಷೆ, ಒಟ್ಟು ಸುಮಾರು 2150 ಸರಾಸರಿ ಚುಕ್ಕಿ. ಒಂದೊಂದರ ಚದುರುವಿಕೆ 0.9 ಎಂದರೆ ರೋಹಿತದ ಗದ್ದಲ 0.9 ಗುಣಿಸು (3.14/2150)ರ ವರ್ಗಮೂಲ, ಅಂದರೆ 0.034 ಮಿಲಿಮ್ಯಾಗ್. ಅದರ ನಾಲ್ಕು ಪಟ್ಟು 0.14. ಇದು ಎಲ್ಲವೂ ನೆಟ್ಟಗಿದ್ದಾಗಿನ ಲೆಕ್ಕ. ನಿಜದಲ್ಲಿ ಇದರ ಹತ್ತಿರ ಬಂದರೂ ನಿಮ್ಮ ಸ್ವಚ್ಛತೆ ಚೆನ್ನಾಗಿದೆ ಎಂದರ್ಥ.

ಇಲ್ಲಿ ಕಾಡುವುದು ನೆರಳು ಶಿಖರಗಳು. ಕಕ್ಷೆಗೊಂದರಂತೆ ಅಳತೆ ಇರುವುದರಿಂದ, ದಿನಕ್ಕೆ 14.34 ಸುತ್ತುವ ಉಪಗ್ರಹದಲ್ಲಿ 5.763ರ ನೆರಳು 8.58ರಲ್ಲಿ ಮೂಡುತ್ತದೆ. ಯಾವುದು ಅಸಲು? ಬೇರೆ ಅವಧಿಯ ಇನ್ನೊಂದು ಉಪಗ್ರಹವನ್ನು ನೋಡಿ. ದಿನಕ್ಕೆ 14.83 ಸುತ್ತುವುದರಲ್ಲಿ ನೆರಳು 9.07ಕ್ಕೆ ಜಾರಿರುತ್ತದೆ, ಅಸಲು ಮಾತ್ರ 5.763ರಲ್ಲೇ ಕೂತಿರುತ್ತದೆ. ದಿನಕ್ಕೆ ಸರಿಯಾಗಿ 1, 2 ಎಂದು ಬರುವ ಶಿಖರಗಳನ್ನೂ, ಕಕ್ಷೆಯ ಆವರ್ತನದ ಅಕ್ಕಪಕ್ಕದಲ್ಲಿ 1ರ ಅಂತರದಲ್ಲಿ ನಿಂತವನ್ನೂ ಮೊದಲು ಶಂಕಿಸಿ. 2003ರಲ್ಲಿ ಹಾರಿದ ಕೆನಡಾದ ಮೋಸ್ಟ್ ಉಪಗ್ರಹದ ಡೇಟಾದಲ್ಲೂ ಭೂಮಿಯ ಬೆಳಕು ಇದೇ ಗುರುತು ಬಿಡುತ್ತಿತ್ತು: ಕೆಳಗೆ ಭೂಮಿ ದಿನಕ್ಕೊಮ್ಮೆ ತಿರುಗುತ್ತದೆ, ಪ್ರತಿಫಲಿಸುವ ಬೆಳಕು ಅದಕ್ಕೆ ತಕ್ಕಂತೆ ಬದಲಾಗುತ್ತದೆ.

ಸೆಟಪ್‌ಗಳನ್ನು ಜೋಡಿಸುವಾಗ ಪ್ರತಿಯೊಂದರ ಸರಾಸರಿ ಕಳೆದು ಸೇರಿಸಿ, ಚದುರುವಿಕೆಯ ವರ್ಗಕ್ಕೆ ವಿಲೋಮವಾಗಿ ತೂಕ ಕೊಡಿ. ಕೆಂಪು ಮತ್ತು ನೀಲಿಯನ್ನು ಎಂದೂ ಒಂದೇ ಫೈಲಿಗೆ ಸುರಿಯಬೇಡಿ. ಮಿಡಿಯುವ ಬಿಸಿ ನಕ್ಷತ್ರದಲ್ಲಿ ನೀಲಿಯ ಪಾರ ಹೆಚ್ಚು, ಎರಡರ ಅನುಪಾತವೇ ಮಿಡಿತದ ಬಗೆ ಹೇಳುವ ಕೀಲಿ. ಒಂದೇ ಆವರ್ತನ ಎರಡೂ ಬಣ್ಣದಲ್ಲಿ, ಬೇರೆ ಬೇರೆ ಉಪಗ್ರಹಗಳಲ್ಲಿ, ಹೆಚ್ಚುಕಡಿಮೆ ಒಂದೇ ಹಂತದಲ್ಲಿ ಬಂದರೆ ಅದು ನಕ್ಷತ್ರದ್ದೇ. ಒಂದರಲ್ಲಿ ಮಾತ್ರ ಬಂದರೆ ಅದೇ ಚೌಕಟ್ಟಿನ ಇತರ ನಕ್ಷತ್ರಗಳಲ್ಲಿ ಹುಡುಕಿ. ಅಲ್ಲೂ ಇದ್ದರೆ ಪಟ್ಟಿಯಿಂದ ತೆಗೆಯಿರಿ.

ಸ್ವಂತ ಉಪಗ್ರಹ ಕಟ್ಟುವ ಕಾಲೇಜುಗಳಿಗೆ

ಎರಡು ಸಂಖ್ಯೆಗಳ ಮೇಲೆ ಎಲ್ಲ ನಿಂತಿದೆ: ಗುರಿ ಎಷ್ಟು ಅಲುಗದೆ ನಿಲ್ಲುತ್ತದೆ, ಸೆನ್ಸರ್ ತಾಪಮಾನ ಎಷ್ಟು ಅಲುಗದೆ ನಿಲ್ಲುತ್ತದೆ. ಬ್ರೈಟ್ ಇವೆರಡನ್ನೂ ಸಡಿಲ ಬಿಟ್ಟು, ಬಿಂಬ ಹರಡಿ, ನೆಲದ ಮೇಲೆ ತಿದ್ದಿಕೊಳ್ಳುವ ದಾರಿ ಹಿಡಿಯಿತು. ನಾಸಾದ ಜೆಪಿಎಲ್ ಪ್ರಯೋಗಾಲಯ ಕಟ್ಟಿದ ಆಸ್ಟೀರಿಯಾ ಎಂಬ ಪುಟ್ಟ ಕ್ಯೂಬ್‌ಸ್ಯಾಟ್ ಎದುರು ದಾರಿ ಹಿಡಿಯಿತು. 2017ರ ನವೆಂಬರ್‌ನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಬಿಟ್ಟ ಇದು ಸೆನ್ಸರನ್ನೇ ಪೀಜೋ ಮೇಜಿನ (ವಿದ್ಯುತ್ ಕೊಟ್ಟರೆ ಕೂದಲೆಳೆಗಿಂತ ಕಡಿಮೆ ಸರಿಯುವ ಹಲಗೆ) ಮೇಲಿಟ್ಟು ಸರಿಸುತ್ತಾ ಗುರಿಯನ್ನು 20 ನಿಮಿಷದ ಅವಧಿಯಲ್ಲಿ ಅರ್ಧ ಆರ್ಕ್‌ಸೆಕೆಂಡಿಗೆ ಕಟ್ಟಿಹಾಕಿತು, ತಾಪಮಾನವನ್ನು ಡಿಗ್ರಿಯ ನೂರರಲ್ಲೊಂದು ಭಾಗಕ್ಕೆ. ಕರ್ಕಾಟಕದ 55 ಕ್ಯಾಂಕ್ರಿ ನಕ್ಷತ್ರದ ಮುಂದೆ ಗ್ರಹ ಹಾದುಹೋದ ಅತಿ ಸಣ್ಣ ಮಬ್ಬು ಅದಕ್ಕೆ ಸಿಕ್ಕೂ ಸಿಗದ ಅಂಚಿನಲ್ಲಿ ಸಿಕ್ಕಿದ್ದು ಇದರಿಂದಲೇ. 2018ರ ಜನವರಿಯಲ್ಲಿ ಪಿಎಸ್‌ಎಲ್‌ವಿ-ಸಿ40ರಲ್ಲಿ ಹೋದ ಫ್ರಾನ್ಸಿನ ಪಿಕ್‌ಸ್ಯಾಟ್, ಬೀಟಾ ಪಿಕ್ಟೋರಿಸ್ ನಕ್ಷತ್ರ ನೋಡಬೇಕಿದ್ದದ್ದು, ಮಾರ್ಚ್‌ನಲ್ಲೇ ಮೌನವಾಯಿತು.

ಮೊದಲ ಪ್ರಯತ್ನಕ್ಕೆ ಬ್ರೈಟ್‌ನ ದಾರಿಯೇ ಮೇಲು. ಮಸೂರವನ್ನು ನೆಲದಲ್ಲೇ ಫೋಕಸ್ ತಪ್ಪಿಸಿ ಬಿಗಿಯಿರಿ, ಆದರೆ ನಿರ್ವಾತದಲ್ಲಿ ಬಿಸಿ ತಣ್ಣಗೆ ಮಾಡಿ ಬಿಂಬದ ಆಕಾರ ಹೇಗೆ ಬದಲಾಗುತ್ತದೆಂದು ದಾಖಲಿಸದೆ ಹಾರಿಸಬೇಡಿ. ಸಿಸಿಡಿಯ ಕತ್ತಲೆ ಪ್ರವಾಹ (ಬೆಳಕಿಲ್ಲದೆ ಬಿಸಿಯಿಂದಲೇ ಹುಟ್ಟುವ ಎಲೆಕ್ಟ್ರಾನ್) ಆರೇಳು ಡಿಗ್ರಿಗೊಮ್ಮೆ ಇಮ್ಮಡಿಸುತ್ತದೆ, ಹಾಗಾಗಿ ಬಿಸಿ ಸೂಸುವ ರೇಡಿಯೋವನ್ನು ಸೆನ್ಸರ್ ಬೆನ್ನಿಗೆ ಅಂಟಿಸುವುದು ಬೇಡ. ಸೆನ್ಸರ್ ಸುತ್ತ ಪ್ರೋಟಾನ್ ತಡೆಯುವ ಲೋಹದ ಕವಚಕ್ಕೆ ತೂಕದಲ್ಲಿ ಜಾಗ ಮೊದಲೇ ಮೀಸಲಿಡಿ. ಮೊದಲ ಬ್ರೈಟ್ ಉಪಗ್ರಹಗಳು ಅದಿಲ್ಲದೆ ಹೋಗಿ ಬಿಸಿ ಪಿಕ್ಸೆಲ್‌ಗಳನ್ನು ಎದುರಿಸಬೇಕಾಯಿತು. ತಾಪಮಾನ ಅಳೆಯುವ ಬಿಡಿಭಾಗವನ್ನು ಸರ್ಕ್ಯೂಟ್ ಬೋರ್ಡ್ ಮೇಲಲ್ಲ, ಸೆನ್ಸರ್‌ಗೆ ತಾಗಿಸಿ ಕೂರಿಸಿ, ಅದರ ಅಂಕಿಯನ್ನು ಪ್ರತಿ ಚಿತ್ರದ ಜೊತೆಗೂ ಕಳಿಸಿ. ಎರಡು ಬೈಟ್ ಉಳಿಸಲು ಅದನ್ನು ಕೈಬಿಟ್ಟರೆ, ಮೇಲೆ ಹೇಳಿದ ತಿದ್ದುಪಡಿಗಳಲ್ಲಿ ಅರ್ಧ ಮಾಡಲು ಬರುವುದಿಲ್ಲ.